ಕರಡಿಗೆಯ ಕೆಳಗಿನ ಸದ್ದು

ತೆರಕಣಾಂಬಿಯ ಗಂಗಾಂಬಿಕೆಗೆ ಹದಿಮೂರು ತುಂಬುವಷ್ಟರಲ್ಲಿ ಊರಲ್ಲಿ ಅವಳು ಕಿವಿಗೊಡದ ವಸ್ತು ಉಳಿದಿರಲಿಲ್ಲ. ಹಿಟ್ಟಿನ ಗಿರಣಿಯ ಗೋಡೆ, ತಂತಿ ಕಂಬ, ಗಬ್ಬದ ಎಮ್ಮೆಯ ಹೊಟ್ಟೆ, ಎಲ್ಲಕ್ಕೂ ಕಿವಿ ಆನಿಸಿದ್ದಳು. ತನ್ನ ಎದೆಯ ಸದ್ದನ್ನು ಮಾತ್ರ ವಿಚಾರಿಸಿರಲಿಲ್ಲ. ಅದಕ್ಕೆ ಅಜ್ಜಿ ದೊಡ್ಡಮಲ್ಲಮ್ಮ ಎಂದೋ ಉತ್ತರ ಕೊಟ್ಟಾಗಿತ್ತಲ್ಲ!

ಇಷ್ಟಲಿಂಗವನ್ನು ಇಟ್ಟ ಬೆಳ್ಳಿ ಕರಡಿಗೆ ಅವಳ ಎದೆಯ ಮೇಲೆ ತೂಗುವಲ್ಲಿ ಅಂಗೈ ಇಟ್ಟರೆ, ಬೆಕ್ಕು ಮುದ್ದಿಗೆ ಬಂದ ಹಾಗೆ ಏನೋ ಗುರುಗುಟ್ಟುತ್ತಿತ್ತು. ಮಗು ತೊಟ್ಟಿಲಲ್ಲಿದ್ದಾಗಲೇ ಅಜ್ಜಿ ಅದನ್ನು ಪತ್ತೆಹಚ್ಚಿ, ಲಿಂಗದೊಳಗೆ ಶಿವ ಮಾತಾಡುತ್ತಿದ್ದಾನೆಂದು ಸಾರಿಬಿಟ್ಟಿದ್ದಳು. ಅಂದಿನಿಂದ ಬಸುರಿಯರು, ಅರಿಸಿನ ಮಾರಲು ಹೊರಟವರು ಬಂದು ಕರಡಿಗೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅಜ್ಜಿಗೆ ಹೆಮ್ಮೆಯೋ ಹೆಮ್ಮೆ.

ಆ ವರ್ಷ ಹುಡುಗಿಯ ದವಡೆ ಹಲ್ಲು ಕೊಳೆತು ಕೀವು ಕಟ್ಟಿತು. ಹಿಂದೆಯೇ ಜ್ವರ ಬಂತು. ಸಂಜೆ ಏರುವುದು, ಬೆಳಿಗ್ಗೆ ಬೆವರಿ ಇಳಿಯುವುದು; ತಿಂಗಳಾದರೂ ಬಿಡಲಿಲ್ಲ. ಲಂಗ ಸೊಂಟದಲ್ಲಿ ನಿಲ್ಲದಷ್ಟು ಬಡಕಲಾದಳು. ಚಾಮರಾಜನಗರದ ಡಾಕ್ಟರಿಗೆ ತೋರಿಸೋಣವೆಂದು ಅಪ್ಪ ವೃಷಭೇಂದ್ರಪ್ಪ ಹೊರಟರೆ, ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ಸಿವ ಕುಂತಿರೋ ಎದೆಗೆ ಆ ಕೊಳವೆ ಮುಟ್ಟುಸ್ತೀಯಾ? ಓಗ್ಲಾ! ಒಳಗಿರೋನೇ ನೋಡ್ಕತನೆ ಬುಡು."

ನೋಡಿಕೊಳ್ಳುವುದಾದರೆ ತಾನೇಕೆ ದಿನೇ ದಿನೇ ಸವೆಯುತ್ತಿದ್ದೇನೆ? ಗಂಗಾಂಬಿಕೆಗೆ ಭಯವಾಯಿತು, ಭಯಕ್ಕಿಂತ ಹೆಚ್ಚಾಗಿ ಕುತೂಹಲವಾಯಿತು. ಸದ್ದು ನಿಜಕ್ಕೂ ಲಿಂಗದ್ದೇ? ಲಿಂಗವನ್ನು ಮೈಯಿಂದ ಅಗಲಿಸುವಂತಿಲ್ಲ. ಆದರೆ ಪೂಜೆಯ ಹೊತ್ತಿಗೆ ಅದು ಕರಡಿಗೆ ಬಿಟ್ಟು ಎಡ ಅಂಗೈಗೆ ಬರುತ್ತದೆ. ಪೂಜೆಗೆ ಕೂತವರನ್ನು ಯಾರೂ ಮುಟ್ಟುವುದಿಲ್ಲವಾದ್ದರಿಂದ, ಆಗ ಸದ್ದು ಎಲ್ಲಿರುತ್ತದೆಂದು ಇಷ್ಟು ವರ್ಷ ಯಾರೂ ನೋಡಿರಲಿಲ್ಲ.

ಮರುದಿನ ವಿಭೂತಿ ಧರಿಸಿ ಕೂತಳು. ಅಂಗೈಯ ಲಿಂಗವನ್ನು ತೋಳು ಚಾಚಿದಷ್ಟು ಮುಂದೆ ಹಿಡಿದು, ಖಾಲಿ ಕರಡಿಗೆಯನ್ನು ಹೆಗಲಿಗೆ ಸರಿಸಿ, ಬಲಗೈಯನ್ನು ಎದೆಗಿಟ್ಟಳು. ಗುರುಗುಟ್ಟುವುದು ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

"ಅಜ್ಜಿ, ಕೈ ಇಕ್ಕಿ ನೋಡು. ಲಿಂಗ ಅಂಗೈಲದೆ. ಸದ್ದು ಎದೇಲೇ ಅದೆ."

"ಪೂಜೆಲಿ ಮಾತಾಡ್ತಾರಾ ಅಮ್ಮಿ?" ಎಂದು ಗದರುತ್ತಲೇ ಅಜ್ಜಿ ಕೈಯಿಟ್ಟಳು. ಇಟ್ಟ ಕೈ ತೆಗೆಯಲಾರದೆ ಹೋದಳು. ಆಮೇಲೆ ಮನೆಯೆಲ್ಲ ಕೇಳುವಂತೆ ಕೂಗಿದಳು: "ಏ ವೃಸಬೇಂದ್ರ, ಬಸ್ಸು ಎಷ್ಟೊತ್ಗೆಲಾ?"

ಡಾಕ್ಟರು ಬಹಳ ಹೊತ್ತು ಕೊಳವೆ ಇಟ್ಟು ಕೇಳಿದರು. "ಗುಂಡಿಗೆಯ ಒಳಗೋಡೆಯಲ್ಲಿ ಹುಟ್ಟಿನಿಂದಲೇ ಸಣ್ಣ ತೂತಿದೆ. ರಕ್ತ ಅದರಲ್ಲಿ ನುಗ್ಗುವ ಸದ್ದು ಇದು."

"ಸದ್ದು ಇಷ್ಟು ಜೋರಾಗಿ ಅದೆ, ತೂತು ದೊಡ್ಡದಲ್ವಾ?" ಜ್ವರದಲ್ಲೂ ಗಂಗಾಂಬಿಕೆ ಬಿಡಲಿಲ್ಲ.

ಡಾಕ್ಟರು ನಕ್ಕರು. "ಕೆರೆ ತೂಬು ಪೂರ್ತಿ ತೆಗೆದರೆ ನೀರು ಸುಮ್ಮನೆ ಹೋಗುತ್ತೆ. ಸಂದಿಯಲ್ಲಿ ನುಗ್ಗಿದರೆ ತಾನೇ ಭೋರ್ ಅನ್ನೋದು?" ಅಪ್ಪನ ಕಡೆ ತಿರುಗಿದಾಗ ನಗು ಇರಲಿಲ್ಲ. "ಹಲ್ಲಿನ ಕೀವಿನ ವಿಷ ರಕ್ತಕ್ಕೆ ಸೇರಿ ಆ ತೂತಿನ ಬಳಿ ಮನೆ ಮಾಡಿದೆ. ಪೆನಿಸಿಲಿನ್ ಕೊಡೋಣ. ಇನ್ನೂ ತಡವಾಗಿದ್ದರೆ ಹುಡುಗಿ ಉಳೀತಿರಲಿಲ್ಲ."

ಅಜ್ಜಿ ಅಲ್ಲೇ ನೆಲದ ಮೇಲೆ ಕೂತು ಅತ್ತಳು.

ವಾರಗಟ್ಟಲೆ ಸೂಜಿ ಚುಚ್ಚಿಸಿಕೊಂಡು, ಹಲ್ಲು ಕೀಳಿಸಿಕೊಂಡು ಹುಡುಗಿ ಮನೆಗೆ ಬಂದಳು. ಸದ್ದು ಮೊದಲಿನಂತೆಯೇ ಇತ್ತು. ಪಕ್ಕದ ಮನೆಯ ಬಸುರಿ ಗುರುಮಲ್ಲಮ್ಮ ಕರಡಿಗೆ ಮುಟ್ಟಲು ಬಂದಾಗ ಅಜ್ಜಿ ಅವಳ ಕೈ ಹಿಡಿದಳು.

"ಆ ಸದ್ದು ಸಿವಂದಲ್ಲ ಕಣವ್ವಾ, ನಮ್ ಮಗೀಂದು."

"ಅಂಗಾರೆ ಅಲ್ಲಿ ಸಿವ ಇಲ್ವಾ?"

"ಇಲ್ದೆ ಏನು? ನಾನು ಅಡ್ಡ ನಿಂತಿದ್ದೆ. ಮಗೀನ ಎದೆ ಕಾಣ್ಲಿ ಅಂತ ಅವ್ನೇ ಪಕ್ಕುಕ್ಕೆ ಸರ್ಕಂಡ."