ಟವೆಲ್ ಕೆಳಗಿನ ಮಾತು

ಅಬಿದಾಳ ಅನುಮಾನ ಶುರುವಾದದ್ದು ಅಪ್ಪನ ಮೊಣಕೈಯಿಂದ. ತಾಂಬಾ ಕಡೆ ದನ ನೋಡಲು ಹೋಗಿದ್ದ ಚಮನಸಾಬ ಹೊತ್ತು ಮುಳುಗಿದ ಮೇಲೆ ಸಿಂದಗಿಯ ಮನೆಗೆ ಬಂದಾಗ ಮೊಣಕೈ ತರಚಿತ್ತು, ಅಂಗಿಗೆ ರಾಡಿ ಮೆತ್ತಿತ್ತು. ಕೇಳಿದರೆ ಹೋರಿ ಹಾಯ್ದಿತು ಎಂದ. ಹುಟ್ಟಿದಾಗಿನಿಂದ ದನದ ದಲ್ಲಾಳಿತನ ಮಾಡಿಕೊಂಡು ಬಂದವನು, ಕಿವಿ ಅಲ್ಲಾಡಿದ್ದನ್ನು ನೋಡಿಯೇ ಯಾವ ಎತ್ತು ಹಾಯುತ್ತದೆ, ಯಾವುದು ಒದೆಯುತ್ತದೆ ಎಂದು ಹೇಳುವ ಮನುಷ್ಯ. ಅವನಿಗೆ ಹೋರಿ ಹಾಯ್ದಿತು ಅಂದರೆ ಯಾವ ಮಗಳು ನಂಬುತ್ತಾಳೆ?

ಅನುಮಾನ ಒಮ್ಮೆ ಹೊಸ್ತಿಲು ದಾಟಿ ಒಳಗೆ ಬಂದರೆ ಮುಗಿಯಿತು, ಚಾಪೆ ಹಾಸಿಕೊಂಡು ಕೂತುಬಿಡುತ್ತದೆ. ಆಮೇಲೆ ಕಂಡದ್ದೆಲ್ಲ ಅದಕ್ಕೆ ಮೇವು. ಎದುರಿಗೆ ಬಂದರೂ ನಿನ್ನಪ್ಪ ಮಾತಾಡಿಸಲಿಲ್ಲ ಎಂದು ನೆರೆಮನೆಯ ದಾವಲಬಿ ಮುಖ ಊದಿಸಿಕೊಂಡಿದ್ದಳು. ಬಸ್ ಸ್ಟ್ಯಾಂಡಿನಿಂದ ಮುಖ್ಯ ರಸ್ತೆ ಬಿಟ್ಟು ಗೋಡೆ ಬದಿಗೇ ಕಳ್ಳನ ಹಾಗೆ ಬರುತ್ತಾನೆ ಎಂದು ಗಂಡ ಜಾಹಿದನೂ ಹೇಳಿದ. ಇದು ಇಸ್ಪೀಟಿನ ಕೆಲಸವೇ ಎಂದು ಅಬಿದಾ ತೀರ್ಮಾನಿಸಿಬಿಟ್ಟಳು. ತಾಯಿ ಪೀರಬಿ ತೀರಿಕೊಂಡು, ಅಪ್ಪ ಮಗಳ ಮನೆಗೆ ಬಂದಾಗಿನಿಂದ ಅವನನ್ನು ಹಿಡಿದು ಕೇಳುವವರಿಲ್ಲ. ಕೆಟ್ಟ ಸಹವಾಸಕ್ಕೆ ಬಿದ್ದಿದ್ದಾನೆ. ಒಂದು ಮೊಬೈಲ್ ಕೊಡಿಸಿಬಿಟ್ಟರೆ ತಾಸಿಗೊಮ್ಮೆ ಎಲ್ಲಿದ್ದಿ ಎಂದು ಕೇಳಬಹುದು.

ಚಮನಸಾಬನೇನು ದಡ್ಡನೇ? ಮೊಬೈಲ್ ಎಂದ ಕೂಡಲೇ ಅವನಿಗೂ ವಾಸನೆ ಹೊಡೆಯಿತು.

“ಆಕಳ ಕೊರಳಿಗೆ ಗಂಟಿ ಯಾಕ ಕಟ್ತಾರ ಅನ್ನೂದು ನನಗ ಗೊತ್ತಿಲ್ಲೇನು?” ಎಂದ. ಆದರೂ ಮಗಳ ಹಟದ ಮುಂದೆ ಅವನ ಆಟ ನಡೆಯಲಿಲ್ಲ. ಇಬ್ಬರೂ ಒಬ್ಬರ ಮೇಲೊಬ್ಬರು ಸಂಶಯ ಹೊತ್ತುಕೊಂಡೇ ಅಂಗಡಿಯ ಮೆಟ್ಟಿಲು ಹತ್ತಿದರು.

ಊರಿನಲ್ಲಿ ಚಹಾದಂಗಡಿಗಿಂತ ಮೊಬೈಲ್ ಅಂಗಡಿಗಳೇ ಹೆಚ್ಚಾಗುತ್ತಿದ್ದ ಕಾಲ ಅದು. ಅಂಗಡಿಯ ಸಂಜೀವಕುಮಾರನಿಗೆ ಅಬಿದಾ ವಯಸ್ಸಾದವರಿಗೆ ಸುಲಭವಾದದ್ದನ್ನು ತೋರಿಸಲು ಹೇಳಿದಳು. ಅವನು ದೊಡ್ಡ ಸ್ಕ್ರೀನಿನದೊಂದನ್ನು ಮುಂದಿಟ್ಟ. ನಂಬರು ಒತ್ತಿದರೆ ಅಂಕಿಗಳು ಹೆಬ್ಬೆರಳ ಗಾತ್ರ ಕಾಣುತ್ತಿದ್ದವು. ಇದಕ್ಕಿಂತ ಸುಲಭದ್ದು ಎಲ್ಲಿದೆ ಎಂದು ಅಬಿದಾಗೂ ಅನಿಸಿತು. ಚಮನಸಾಬ ಮಾತ್ರ ಅದನ್ನು ಸವರಿ ನೋಡಿ, ಮೈಯೆಲ್ಲ ನುಣುಪು, ಬೇಡ ಎಂದು ಸರಿಸಿದ. ಇನ್ನೊಂದು, ಮತ್ತೊಂದು ಬಂತು. ಯಾವುದನ್ನೂ ಕಣ್ಣೆತ್ತಿ ನೋಡದೆಯೇ ಬೇಡ ಎನ್ನುತ್ತಿದ್ದ. ಕೊನೆಗೆ ಹೆಗಲ ಮೇಲಿನ ಟವೆಲ್ ತೆಗೆದು ಗಾಜಿನ ಕೌಂಟರಿನ ಮೇಲಿದ್ದ ಫೋನುಗಳ ಮೇಲೆಲ್ಲ ಹರವಿ, ಒಳಗೆ ಕೈ ತೂರಿಸಿದ.

ದನದ ಸಂತೆಯಲ್ಲಿ ವ್ಯಾಪಾರ ನಡೆಯುವುದೇ ಹಾಗೆ. ದಲ್ಲಾಳಿಗಳು ಟವೆಲ್ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಒತ್ತಿ ದರ ಹೇಳುತ್ತಾರೆ. ಇಡೀ ಬೆರಳು ಹಿಡಿದರೆ ಒಂದು, ನಡುಗೆಣ್ಣಿಗೆ ನಿಂತರೆ ಅರ್ಧ. ಸುತ್ತ ನಿಂತವರಿಗೆ ಏನೂ ತಿಳಿಯದು. ಮೇಲೆ ಬಾಯಿ ಎಷ್ಟು ಸುಳ್ಳಾದರೂ ಆಡಲಿ, ಕೆಳಗೆ ಕೈ ಸುಳ್ಳಾಡಿದರೆ ಅವನು ದಲ್ಲಾಳಿಯೇ ಅಲ್ಲ. ಚಿಕ್ಕಂದಿನಲ್ಲಿ ಅಬಿದಾ ಅದೇ ಟವೆಲ್ ಕೆಳಗೆ ಅಪ್ಪನ ಜೊತೆ ಪೆಪ್ಪರಮೆಂಟಿನ ವ್ಯಾಪಾರ ಮಾಡಿದವಳು.

ಸಂಜೀವಕುಮಾರನಿಗೆ ಇದೆಲ್ಲ ಏನು ಗೊತ್ತು? ಫೋನುಗಳ ಮೇಲೆ ಬಟ್ಟೆ ಬಿದ್ದದ್ದೇ ಅವನು ಕೈ ಅಡ್ಡ ಚಾಚಿದ.

“ಕಾಕಾ, ಟವೆಲ್ ತಗೀರಿ. ತಪ್ಪ ತಿಳ್ಕೋಬ್ಯಾಡ್ರಿ,” ಎಂದ.

ಅಬಿದಾಳ ಮೈ ಉರಿಯಿತು. ಇಸ್ಪೀಟು ಎಂದು ತಾನು ಅನುಮಾನಿಸಬಹುದು, ಕಳ್ಳ ಎಂದು ಊರವರು ಅನುಮಾನಿಸಬಾರದು! ಚಮನಸಾಬ ಟವೆಲನ್ನು ಹಿಂದಕ್ಕೆ ಎಳೆದುಕೊಂಡ. ಕೈಯಲ್ಲಿ ಎಲ್ಲಕ್ಕಿಂತ ಅಗ್ಗದ, ಸಣ್ಣ ಸ್ಕ್ರೀನಿನ ಫೋನಿತ್ತು.

“ನಡುವಿನ ಬಟನ್ ಮ್ಯಾಲೆ ಸಾಸಿವಿ ಕಾಳಿನಂಥಾದು ಐತಿ. ಇದ ಸಾಕು,” ಎಂದ.

ಐದರ ಬಟನ್ನಿನ ಮೇಲೆ ಅಂಥದೊಂದು ಗುಳ್ಳೆ ಇರುವುದು ಅಬಿದಾಗೆ ಕಂಡಿರಲಿಲ್ಲ. ಅಂಥ ದೊಡ್ಡ ಅಂಕಿ ಬಿಟ್ಟು ಈ ಸಾಸಿವೆ ಕಾಳು ಯಾಕೆ? ಒಂದು ಹೊಸ ಅನುಮಾನ ಹೆಡೆ ಎತ್ತಿತು. ಅವಳು ಮೊದಲಿನ ದೊಡ್ಡ ಫೋನನ್ನು ಎತ್ತಿಕೊಂಡು, ಸ್ವಿಚ್ ಆಫ್ ಮಾಡಿ, ಕಪ್ಪಗಾದ ಸ್ಕ್ರೀನನ್ನು ಅಪ್ಪನ ಮುಖದ ಮುಂದೆ ಹಿಡಿದಳು.

“ಅಪ್ಪಾ, ಇದರಾಗ ನನ್ನ ನಂಬರ್ ಬಂದೈತಿ. ಕಾಣ್ತೈತೇನು?”

“ಛಲೋ ಕಾಣ್ತೈತಿ,” ಎಂದ ಚಮನಸಾಬ.

ತರಚಿದ ಮೊಣಕೈ, ಗೋಡೆ ಹಿಡಿದ ದಾರಿ, ಮುಖ ಊದಿಸಿಕೊಂಡ ದಾವಲಬಿ ಎಲ್ಲ ಒಟ್ಟಿಗೆ ಅಬಿದಾಳ ಕಣ್ಮುಂದೆ ಬಂದು ನಿಂತವು. ಒಂದೇ ಮನೆಯಲ್ಲಿದ್ದು ದಿನವೂ ಅವನ ಮುಂದೆ ಊಟದ ತಾಟು ಇಟ್ಟವಳಿಗೆ ಇಸ್ಪೀಟು ಕಂಡಿತು, ಇದು ಕಾಣಲಿಲ್ಲ. ತನ್ನ ಮೇಲೆ ತನಗೇ ಹೇಸಿಕೆಯಾಯಿತು.

ಸಂಜೀವಕುಮಾರ ಇಬ್ಬರ ಮುಖವನ್ನೂ ನೋಡುತ್ತಿದ್ದ. ಅವನ ಮುಂದೆ ಕೇಳಿದರೆ ನಾಳೆ ಸಂತೆಗೆಲ್ಲ ಗೊತ್ತಾಗುತ್ತದೆ. ಅಬಿದಾ ಆ ಅಗ್ಗದ ಫೋನಿಗೆ ಸಿಮ್ ಹಾಕಿಕೊಡಲು ಹೇಳಿ ಅವನನ್ನು ಒಳಗಿನ ಮೇಜಿಗೆ ಕಳಿಸಿದಳು. ಅಪ್ಪನ ಹೆಗಲಿನ ಟವೆಲ್ ಎಳೆದು ಅವನ ಕೈ ಮೇಲೆ ಹಾಕಿದಳು. ಅದರ ಕೆಳಗೆ ತನ್ನ ಕೈ ಇಟ್ಟಳು.

“ಬಾಯಿಲೆ ಬ್ಯಾಡ, ಕೈಲೆ ಹೇಳು. ಎಷ್ಟ ಕಣ್ಣ ಹೋಗ್ಯಾವು?” ಎಂದು ಅವನ ಕಿವಿಯ ಬಳಿ ಕೇಳಿದಳು.

ಚಮನಸಾಬ ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ. ಕೊನೆಗೆ ಅವಳ ಒಂದು ಬೆರಳನ್ನು ಬುಡದವರೆಗೂ ಹಿಡಿದು ಒತ್ತಿದ. ಎರಡನೆಯ ಬೆರಳಿಗೆ ಬಂದ. ನಡುಗೆಣ್ಣಿಗೆ ನಿಂತ.

ಒಂದೂವರೆ. ಅರ್ಧ ಕಣ್ಣು ಇನ್ನೂ ಇದೆ. ದವಾಖಾನೆಗೆ ನಾಳೆಯೇ ಹೋಗೋಣ, ಇರುವುದನ್ನಾದರೂ ಉಳಿಸಿಕೊಳ್ಳೋಣ ಎಂದು ಅವಳು ಪಿಸುಗುಟ್ಟಿದಳು.

“ದವಾಖಾನಿಗೆ ಹ್ವಾದ್ರ ಊರಿಗೆಲ್ಲಾ ತಿಳೀತೈತಿ,” ಎಂದ ಅವನು. “ಕುರುಡ ದಲ್ಲಾಳಿಗೆ ಯಾರು ಕೈ ಕೊಡ್ತಾರ, ಅಬಿದಾ?”

ಅಬಿದಾಳ ಕೈ ಟವೆಲ್ ಕೆಳಗೆ ಅವನ ಕೈಯಲ್ಲೇ ಇತ್ತು.