ಪರದೆಯ ಹಿಂದೆ ಯಂತ್ರ

ಮೂಡಿಗೆರೆಯ ನಮ್ಮ ಕಾಲೇಜಿನಲ್ಲಿ ರಮಾಕಾಂತ ಸಾರ್‌ಗೆ ಈ ವರ್ಷ ಯಂತ್ರದ ಹುಚ್ಚು ಹಿಡಿದಿತ್ತು. ಯಂತ್ರಕ್ಕೆ ಮನಸ್ಸಿದೆಯೇ ಎಂದು ಕೇಳುತ್ತ ವಾರವಾರವೂ ಒಂದು ಸಿನಿಮಾ ತೋರಿಸಿದರು, ಒಂದು ಕಥೆ ಓದಿಸಿದರು. ಒಂದು ಸಿನಿಮಾದಲ್ಲಿ ಸತ್ತ ಯಜಮಾನನ ಪಕ್ಕ ಕೂತು ರೋಬೋ ಕಣ್ಣೀರಿಡುತ್ತದೆ. ಅದನ್ನು ನೋಡಿ ನಮ್ಮ ಕ್ಲಾಸಿನ ಸೌಂದರ್ಯ ಬಿಕ್ಕಿಬಿಕ್ಕಿ ಅತ್ತಳು. ಸ್ವಂತ ಅಜ್ಜಿ ಸತ್ತ ದಿನ ಇದೇ ಹುಡುಗಿ ಮೊಬೈಲ್ ತಿಕ್ಕುತ್ತ ಕೂತಿದ್ದಳು. "ನಿಜ ನುಡಿಯುವ ಧೈರ್ಯ ಮನುಷ್ಯನಿಗೆ ಮಾತ್ರ" ಎಂದು ಸಾರ್ ನೋಟ್ಸ್ ಕೊಟ್ಟರು. ನಾವೂ ಬರೆದುಕೊಂಡೆವು.

ಕೊನೆಗೊಂದು ಪರೀಕ್ಷೆ ಇಟ್ಟರು. ವೇದಿಕೆಯ ಮೇಲೆ ಎರಡು ಪರದೆ. ಒಂದರ ಹಿಂದೆ ಎಐ ಇರುವ ಕಂಪ್ಯೂಟರ್, ಅದರ ಉತ್ತರ ನಕಲು ಮಾಡಲು ಸಹಪಾಠಿ ದಿಲೀಪ್. ಇನ್ನೊಂದರ ಹಿಂದೆ ಗಾನಶ್ರೀ ಎಂಬ ನಾನು. ಮುಖ್ಯ ಅತಿಥಿಗಳ ಪ್ರಶ್ನೆಗೆ ನಾವು ಚೀಟಿಯಲ್ಲಿ ಉತ್ತರ ಬರೆಯಬೇಕು, ಸಾರ್ ಓದಬೇಕು, ಯಂತ್ರ ಯಾವುದೆಂದು ಅತಿಥಿಗಳು ಹೇಳಬೇಕು.

ಅತಿಥಿ ಬಾಳೂರು ಕಡೆಯ ಎಸ್ಟೇಟ್ ಮಾಲೀಕರಾದ ಚನ್ನಕೇಶವ ಅವರು. ಕಾಲೇಜಿಗೆ ಪ್ರೊಜೆಕ್ಟರ್ ಕೊಡಿಸಿದವರು, ಹಾಗಾಗಿ ತತ್ವಶಾಸ್ತ್ರವೂ ಬರುತ್ತಿತ್ತು. ನನ್ನಪ್ಪ ಅವರ ಎಸ್ಟೇಟಿನಲ್ಲೇ ರೈಟರ್, ಆಳುಗಳ ಹಾಜರಿ ನೋಡುವ ಕೆಲಸ. ನಾವಿರುವ ಮನೆಯೂ ಅವರದ್ದೇ. ಪರದೆಯ ಹಿಂದಿರುವುದು ನಾನೆಂದು ಅವರಿಗೆ ಗೊತ್ತಿರಲಿಲ್ಲ.

ಅವರು ಮೈಕ್ ಹಿಡಿದು ಗಂಟಲು ಸರಿಮಾಡಿಕೊಂಡರು. "ಹೋದ ವರ್ಷ ನನ್ನ ನಾಯಿ ರಾಜ ತೀರ್ಕೊಂಡ. ವಯಸ್ಸಾಗಿತ್ತು ಪಾಪ. ನನ್ನ ತೊಡೆ ಮೇಲೇ ಪ್ರಾಣ ಬಿಟ್ಟ. ನನ್ನ ದುಃಖ ಎಂಥದ್ದು ಅಂತ ಇಬ್ರೂ ಹೇಳಿ ನೋಡುವ."

ನನಗೆ ಮೈಯೆಲ್ಲ ಉರಿಯಿತು. ರಾಜನನ್ನು ಮರಿಯಿಂದ ಸಾಕಿದವಳು ನಾನು. ಚಿರತೆ ಓಡಾಡುತ್ತಿದೆ, ರಾತ್ರಿ ಕಟ್ಟುವುದು ಬೇಡ ಎಂದು ಅಪ್ಪ ಕೈಮುಗಿದು ಹೇಳಿದ್ದರು. ಕಣದಲ್ಲಿ ಒಣಗುತ್ತಿದ್ದ ಕಾಫಿ ಕಾಯಲಿ ಎಂದು ಈ ಮಹಾನುಭಾವರು ಸರಪಳಿ ಹಾಕಿಸಿದರು.

ಸಾರ್ ಮೊದಲು ದಿಲೀಪನ ಚೀಟಿ ಓದಿದರು. "ನಿಮ್ಮ ದುಃಖ ಸಾಗರದಷ್ಟು ಆಳ. ರಾಜ ನಿಮ್ಮ ಪ್ರೀತಿಯಲ್ಲಿ ಸದಾ ಜೀವಂತ." ಚಪ್ಪಾಳೆಯೋ ಚಪ್ಪಾಳೆ. ಸೌಂದರ್ಯ ಮೂಗೊರೆಸಿಕೊಳ್ಳುವ ಸದ್ದು ನನಗೂ ಕೇಳಿಸಿತು.

ನನ್ನ ಚೀಟಿ ಓದುವಾಗ ಸಾರ್ ದನಿ ಇಳಿಯುತ್ತಾ ಹೋಯಿತು. "ರಾಜನಿಗೆ ವಯಸ್ಸಾಗಿರಲಿಲ್ಲ. ನೀವು ಕಟ್ಟಿಹಾಕಿಸಿದಿರಿ, ಚಿರತೆ ಹೊತ್ತೊಯ್ದಿತು. ನಿಮ್ಮ ದುಃಖವನ್ನು ನಾನಂತೂ ನೋಡಿಲ್ಲ."

ಚನ್ನಕೇಶವ ಅವರು ಜೋರಾಗಿ ನಕ್ಕರು. "ಇದೇ ನೋಡಿ ಮೆಷಿನ್ನು! ಇಲ್ಲದ್ದನ್ನ ಹುಟ್ಟಿಸಿ ಹೇಳ್ತದೆ ಮಾರಾಯ್ರೆ. ಮನಸ್ಸು ಅನ್ನೋದೇ ಇಲ್ಲ." ಎಲ್ಲರೂ ನಕ್ಕರು. ನಿಜ ಗೊತ್ತಿದ್ದವರು ಇನ್ನೂ ಜೋರಾಗಿ ನಕ್ಕರು.

ರಮಾಕಾಂತ ಸಾರ್ ಪರದೆಯೊಳಗೆ ತಲೆ ತೂರಿಸಿದರು. "ಈಚೆ ಬರಬೇಡಮ್ಮ. ಸಾಹುಕಾರ್ರು ಹೇಳಿದ್ದೇ ಸರಿ ಅಂತ ಹೇಳ್ಬಿಡ್ತೀನಿ. ನಿಮ್ಮಪ್ಪನ ಕೆಲಸಕ್ಕೂ ಒಳ್ಳೇದು. ಹಿಂದಿನ ಬಾಗಿಲಿಂದ ಹೋಗು." ಶಾಸ್ತ್ರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಹೊರಗೆ ಹೋಗಿ, ಅತಿಥಿಗಳ ಊಹೆ ನೂರಕ್ಕೆ ನೂರು ಸರಿ ಎಂದು ಸಾರಿದರು. ದಿಲೀಪ್ ಹಲ್ಲುಕಿರಿಯುತ್ತ ಬಂದು, ಎಲ್ಲವನ್ನೂ ತಾನೇ ಬರೆದವನಂತೆ ಶಾಲು ಹೊದಿಸಿಕೊಂಡ.

ಹಿಂದಿನ ಬಾಗಿಲು ತೆರೆದೇ ಇತ್ತು. ಹೋಗಿದ್ದರೆ ಅಪ್ಪ ನೆಮ್ಮದಿಯಾಗಿರುತ್ತಿದ್ದರು. ಆದರೂ ಪರದೆ ಸರಿಸಿ ಮುಂದೆ ಬಂದೆ.

ಚನ್ನಕೇಶವ ಅವರ ನಗು ನಿಂತಿತು. "ನೀನು ನಮ್ಮ ರೈಟರ್ ಮಗಳಲ್ವಾ?"

"ಹೌದು ಸಾಹುಕಾರ್ರೇ. ಚಿರತೆ ಬಂದುಹೋದ ಬೆಳಿಗ್ಗೆ ಸರಪಳಿ ಬಿಚ್ಚಿ ತಂದುಕೊಟ್ಟವಳು. ರಾಜನ ಕುತ್ತಿಗೆಪಟ್ಟಿ ಅದರಲ್ಲೇ ಇತ್ತು. ತೊಳೆದಿಡು, ಹೊಸ ನಾಯಿಗೆ ಆಗ್ತದೆ ಅಂದಿದ್ರಿ."