ಅರಿಶಿನದ ಮೀನಿಗೆ ಅಮ್ಮ ಆದದ್ದು

ಮತ್ತೆ ಉಜ್ಜಿತು, ಪಕ್ಕೆಯನ್ನು ಕಲ್ಲಿಗೆ ಒತ್ತಿ ಒಂದೇ ಎಳೆತ, ಹಳದಿ ಮೈ ಒಂದು ಕ್ಷಣ ವಾಲಿ ಮತ್ತೆ ನೆಟ್ಟಗಾಯಿತು, ನಿನ್ನೆ ಇಷ್ಟು ಉಜ್ಜುತ್ತಿರಲಿಲ್ಲ, ಕಿವಿರೂ ಹೀಗೆ ಬಡಿಯುತ್ತಿರಲಿಲ್ಲ — ಮೈತುಂಬ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ, ರೆಕ್ಕೆಯ ಮೇಲೆ, ಕಣ್ಣಿನ ಸುತ್ತ, ಹೋದ ವಾರ ಎಲ್ಲ ಹೋಯಿತೆಂದು ಅವ್ವ ಟ್ಯಾಂಕಿನ ಮುಂದೆ ಮೊಸರನ್ನ ಎಡೆ ಇಟ್ಟಳಲ್ಲ, ಎಲ್ಲಿ ಹೋಯಿತು, ಎರಡರಷ್ಟಾಗಿ ಬಂದು ಕೂತಿದೆ. ರಾಮನಗರದಲ್ಲಿ ಚರ್ಮದ ಡಾಕ್ಟರ್ ಎಂದು ಬೋರ್ಡು ಹಾಕಿಕೊಂಡವಳು ನಾನು, ಮನೆಗೇ ಸೇರಿದ ನನ್ನ ಕ್ಲಿನಿಕ್ಕಿನ ಹಜಾರದಲ್ಲಿ ನನ್ನದೇ ಮೀನಿನ ಚರ್ಮ ಹೀಗೆ, ಬಂದವರೆಲ್ಲ ಬಗ್ಗಿ ನೋಡುತ್ತಾರೆ, ಸಮುದ್ರದ್ ಮೀನಾ ಡಾಕ್ಟ್ರೆ, ಉಪ್ಪುನೀರಾ, ಹಂಗಾದ್ರೆ ಸಾರಿಗೆ ಉಪ್ಪೇ ಬ್ಯಾಡ ಬುಡಿ, ಎಂದು ಮೊನ್ನೆ ಒಬ್ಬ ಹಲ್ಲು ಕಿರಿದ, ಕಿರಿಯಲಿ. ಎಲ್ಲೋ ಸರಕ್ ಸರಕ್ ಎಂಬ ಸದ್ದು ಬೇರೆ, ಟ್ಯಾಂಕಿನ ಮೋಟಾರೇ ಇರಬೇಕು, ಅದೂ ಸಡಿಲವಾಗಿದೆ, ಈ ಮನೆಯಲ್ಲಿ ನೆಟ್ಟಗಿರುವುದು ಯಾವುದಿದೆ.

ಮೊದಲ ಚುಕ್ಕೆ ಕಂಡ ದಿನವೇ ಮೈಮೇಲಿನ ಲೋಳೆ ಒಂದಿಷ್ಟು ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿದ್ದೆ, ರೋಗಿಗಳ ಕಜ್ಜಿಹುಳ ನೋಡುವ ಅದೇ ಮೈಕ್ರೋಸ್ಕೋಪು, ದುಂಡಗೆ, ಸುತ್ತ ಸಣ್ಣ ರೋಮ ಬಡಿಯುತ್ತ ನಿಧಾನ ತಿರುಗುವ ಜೀವಿ, ಅನುಮಾನವೇ ಇಲ್ಲ — ಇದು ಹುಳ ಕಣವ್ವ, ಚರ್ಮದೊಳಗೆ ಕೂತು ತಿನ್ನುತ್ತೆ, ಬೇರೆ ಟಬ್ಬಿಗೆ ಹಾಕಿ ತಾಮ್ರದ ಔಷಧಿ ಕೊಡಬೇಕು, ಈ ಟ್ಯಾಂಕಿಗೇ ಹಾಕಿದರೆ ಹವಳ, ಸಿಗಡಿ ಎಲ್ಲ ಸಾಯ್ತವೆ, ಎಂದೆ. ಅವ್ವ ಕೆನ್ನೆ ಕೆನ್ನೆ ಬಡಿದುಕೊಂಡಳು, ಹುಳ ಗಿಳ ಅನ್ಬ್ಯಾಡ ಕಣೆ ಸರಸ, ಮನೇಗೆ ಅಮ್ಮ ಬಂದವ್ಳೆ, ಅಮ್ಮ ಬಂದಿರೋವಾಗ ಔಷ್ದಿ ಮುಟ್ಟುಸ್ಬಾರ್ದು. ಮುಗಿಯಿತು, ಟ್ಯಾಂಕಿನ ಮುಚ್ಚಳದ ಮೇಲೆ ಬೇವಿನಸೊಪ್ಪು, ಬಾಗಿಲಿಗೆ ಬೇವಿನಸೊಪ್ಪು, ಅಡುಗೆಮನೆಯಲ್ಲಿ ಒಗ್ಗರಣೆ ಬಂದ್, ಒಂದು ಮೀನಿಗೆ ಸಿಡುಬಾಯಿತೆಂದು ಓದಿದ ಹೆಂಗಸೊಬ್ಬಳು ಸಪ್ಪೆಸಾರು ಉಣ್ಣುತ್ತಿದ್ದಾಳೆ ಎಂದರೆ ಯಾರು ನಂಬುತ್ತಾರೆ, ಅವ್ವ ತಲೆಗೆ ಎಣ್ಣೆ ಮುಟ್ಟಿಸುವುದಿಲ್ಲ, ಮೈಗೆ ನೀರು ಹಾಕಿಕೊಳ್ಳುವುದಿಲ್ಲ, ಹಾಸಿಗೆಬಟ್ಟೆ ಒಗೆಯಲು ಕೊಡುವುದಿಲ್ಲ, ಈ ಸೆಕೆಯಲ್ಲೂ ತೋಳುದ್ದದ ಸ್ವೆಟರು, ಕೇಳಿದರೆ ಎಲ್ಲದಕ್ಕೂ ಒಂದೇ ಉತ್ತರ, ಅಮ್ಮ ಅವ್ಳೆ. ನಾನು ತಯಾರು ಮಾಡಿಟ್ಟ ತಾಮ್ರದ ನೀರನ್ನು ಕರಿಬೇವಿನ ಗಿಡಕ್ಕೆ ಸುರಿದುಬಿಟ್ಟಳು, ಉಪ್ಪುನೀರು, ಗಿಡವೂ ಒಣಗಿತು.

ಬೈಯಲೂ ಆಗುವುದಿಲ್ಲ, ಅದೇ ಸಂಕಟ. ಆ ಮೀನೆಂದರೆ ಅವ್ವನಿಗೆ ಜೀವ, ಅರಿಶಿನದವ್ಳು ಎಂದು ಹೆಸರಿಟ್ಟು ಮಾತಾಡಿಸುತ್ತಾಳೆ, ಕೂಟಗಲ್ಲಿಗೆ ತಮ್ಮನ ಮಗಳ ಮದುವೆಗೆಂದು ಹೋದವಳು ಧಾರೆ ಮುಗಿದದ್ದೇ ಬಸ್ಸು ಹತ್ತಿ ಬಂದಳು, ನಾನಿಲ್ದಿದ್ರೆ ಅವ್ಳು ಉಣ್ಣಾಕಿಲ್ಲ, ಇದು ಸತ್ತರೆ ಅವ್ವ ಹಾಸಿಗೆ ಹಿಡಿಯುತ್ತಾಳೆ, ನನಗೆ ಗೊತ್ತು, ಅದಕ್ಕೇ ಇಷ್ಟು ಹಟ ನನಗೆ. ಚುಕ್ಕೆ ಮಾಯವಾದ ದಿನ ಅವಳ ಮುಖ ನೋಡಬೇಕಿತ್ತು, ನೋಡ್ದಾ, ಅಮ್ಮ ಇಳುದ್ಲು, ನಿನ್ ಔಷ್ದಿ ಬೇಕಾಯ್ತಾ — ಇಳಿದದ್ದು ಹೌದು ಮಾರಾಯ್ತಿ, ಹುಳ ಹೊಟ್ಟೆ ತುಂಬಿಸಿಕೊಂಡು ಕೆಳಗೆ ಕಲ್ಲಿಗೆ ಇಳಿಯಿತು, ಅಲ್ಲಿ ಗೂಡು ಕಟ್ಟಿ ಒಂದು ನೂರಾಗಿ ಒಡೆದು ಮತ್ತೆ ಮೀನು ಹುಡುಕಿಕೊಂಡು ಬರುತ್ತೆ, ಎಂದು ಎಷ್ಟು ಹೇಳಿದೆ, ಗೋಡೆಗೆ ಹೇಳಿದಂತಾಯಿತು. ಕಾಣದಿದ್ದರೆ ಇಲ್ಲ ಎಂದೇ ಎಲ್ಲರ ಲೆಕ್ಕ, ಆ ಮರಳವಾಡಿಯ ಹನುಮಂತಮ್ಮ, ಮೊಮ್ಮಗುವಿಗೆ ಮೈಯೆಲ್ಲ ಕಜ್ಜಿ, ಮಗುವನ್ನು ಹೊರಗೆ ನಮ್ಮವ್ವನ ಮಡಿಲಿಗೆ ಹಾಕಿ ಒಳಗೆ ಬಂದು ರಾಗ ಎಳೆಯುತ್ತಾಳೆ, ಕಡ್ತ ನಿಂತೋಯ್ತಲ್ಲ ಡಾಕ್ಟ್ರವ್ವ, ಅದ್ಕೇ ಮುಲಾಮು ಬುಟ್ಬುಟ್ಟೊ. ನವೆ ಇರಲಿ ಬಿಡಲಿ, ಮನೆಯವರೆಲ್ಲ ಒಂದೇ ದಿನ ಹಚ್ಚಬೇಕು, ಕತ್ತಿನಿಂದ ಅಂಗಾಲಿನವರೆಗೆ, ಹಾಸಿಗೆಬಟ್ಟೆ ಬಿಸಿನೀರಿಗೆ ಹಾಕಬೇಕು, ಒಬ್ಬರು ಉಳಿದರೂ ಎಲ್ಲರಿಗೂ ಬರುತ್ತೆ, ಎಂದು ಕೂಗಿ ಕೂಗಿ ನನ್ನ ಗಂಟಲು ಹರಿಯಿತು. ಸಾಕಾಗಿದೆ, ಮನುಷ್ಯರೂ ಸಾಕು, ಮೀನೂ ಸಾಕು.

ಇವತ್ತು ಕೇಳುವುದಿಲ್ಲ, ಮಧ್ಯಾಹ್ನ ರೋಗಿಗಳಿಲ್ಲ, ಮುನ್ನೀ ಟಬ್ಬು ತಂದಿಟ್ಟಿದ್ದಾಳೆ, ಚೀಟಿ ಬರೆಯುವ ಹುಡುಗಿಗೆ ಮೀನಿನ ಕೆಲಸ, ಅಜ್ಜಿ ಬೈತಾರೆ ಮೇಡಂ ಎಂದು ಮೆಲ್ಲಗೆ ಅಂದಳು, ಬೈಯಲಿ, ಮೋಟಾರು ಆಫ್ ಮಾಡು, ಲೈಟೂ ಆಫ್ ಮಾಡು, ಕೈಯನ್ನು ಮೊಣಕೈವರೆಗೆ ನೀರಿಗಿಳಿಸಿ ಒಂದೊಂದೇ ಕಲ್ಲು ಎತ್ತಿಡಬೇಕು, ಇಲ್ಲವೆಂದರೆ ಸಂದಿಗೆ ನುಗ್ಗಿ ಕೂರುತ್ತಾಳೆ ಅರಿಶಿನದವಳು — ನೋಡು, ನಾನೂ ಹಾಗೇ ಅನ್ನುತ್ತಿದ್ದೇನೆ. ಹಿಂದಿನಿಂದ ಅವ್ವನ ದನಿ, ಒಸಿ ತಾಳೆ ಸರಸ. ತಾಳಿದ್ದಾಯ್ತು ಕಣವ್ವ, ಇನ್ನು ತಾಳಿದರೆ ಹೆಣ ಎತ್ತಬೇಕಾಗುತ್ತೆ, ನೋಡು, ಮೇಲೆ ಬಂದು ಬಾಯಿ ಬಿಡ್ತಾ ಇದೆ. ಅವ್ವ ಜಗಳಕ್ಕೆ ಬರಲಿಲ್ಲ, ನನ್ನ ಕೈಯ ಬಲೆಯನ್ನೂ ಕಿತ್ತುಕೊಳ್ಳಲಿಲ್ಲ, ಆಯ್ತು ತಕ್ಕೊಂಡೋಗು, ನಿಂಗೇನ್ ಗೊತ್ತು ಆ ಉರಿ, ಅದ್ಕಾದ್ರೂ ವಾಸಿಯಾಗ್ಲಿ, ಎಂದಳು ಅಷ್ಟೆ. ಮೀನು ಬಲೆಗೆ ಬಂತು, ಅಂಗೈಯಷ್ಟು ಮೈ, ಬಲೆಯೊಳಗೆ ಪಟಪಟ, ಟಬ್ಬಿಗೆ ಬಿಟ್ಟೆ, ಒಂದು ಸುತ್ತು ಹಾಕಿತು, ಬದುಕುತ್ತೆ, ಬದುಕಬೇಕು — ಅದಕ್ಕಾದರೂ? ಅದಕ್ಕಾದರೂ ಎಂದರೆ? ಸರಕ್ ಸರಕ್. ಮೋಟಾರು ಆಫ್ ಆಗಿದೆಯಲ್ಲ, ನಾನೇ ಹೇಳಿ ಆಫ್ ಮಾಡಿಸಿದೆನಲ್ಲ, ಮತ್ತೆ ಯಾವುದು ಈ ಸದ್ದು, ಸರಕ್ ಸರಕ್, ಮೀನಿಲ್ಲದ ಟ್ಯಾಂಕಿನ ಕಪ್ಪು ಗಾಜಿನಲ್ಲಿ ಹಿಂದಿನ ಬಾಗಿಲು ಕಾಣುತ್ತಿದೆ, ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ಅವ್ವ ಕಣ್ಣು ಮುಚ್ಚಿಕೊಂಡಿದ್ದಾಳೆ, ಸ್ವೆಟರಿನ ತೋಳು ಮೇಲೇರಿದೆ, ಮಣಿಕಟ್ಟಿನ ಮೇಲೆ, ಬೆರಳ ಸಂದಿಯಲ್ಲಿ, ಕೆಂಪಗೆ, ಕೆರೆದು ಕೆರೆದು ರಕ್ತ ಹೆಪ್ಪುಗಟ್ಟಿದ ಗುಳ್ಳೆಗಳು, ದಿನಕ್ಕೆ ಎಷ್ಟು ಕೈಗಳ ಮೇಲೆ ನೋಡುತ್ತೇನೆ ನಾನು ಈ ಕಜ್ಜಿಯನ್ನು. ಅವ್ವ, ಎಷ್ಟು ದಿನವಾಯ್ತು, ನನಗ್ಯಾಕೆ ಹೇಳಲಿಲ್ಲ. ಕಣ್ಣು ತೆರೆಯದೆಯೇ ಅಂದಳು, ಹೇಳುದ್ನಲ್ಲವ್ವ, ಮನೇಗೆ ಬಂದವ್ಳೆ ಅಂತ, ಮೀನಿಗೊಂದ್ಕೇ ಅಂದ್ನಾ. ಬೇವು, ಸಪ್ಪೆಸಾರು, ಒಗೆಯದ ಹಾಸಿಗೆ, ಸ್ವೆಟರು, ಮಡಿಲಲ್ಲಿ ಆ ಮಗು, ನಾಚಿಕೆಯಾಗುತ್ತದೆ, ನನ್ನವ್ವ, ನಾನು ಗಾಜಿಗೆ ಮೂಗು ಒತ್ತಿ ನಿಂತಿದ್ದೆ, ಬೆನ್ನ ಹಿಂದೆ ಮೂರು ಹೆಜ್ಜೆಯಲ್ಲಿ ನನ್ನವ್ವ, ಬೆನ್ನನ್ನು ಚೌಕಟ್ಟಿಗೆ ಒತ್ತಿ, ಒಂದೇ ಎಳೆತ, ಒಂದು ಕ್ಷಣ ವಾಲಿ, ನೆಟ್ಟಗಾಗಿ — ಮತ್ತೆ ಉಜ್ಜಿದಳು.